‘ಕರೆದವರು ಯಾರು’ ಎಂಬ ಕಾಲಂ

ದೇಶದೇಶಗಳ ನಡುವೆ ಜಗಳ ಯಾಕಾಗುತ್ತದೆ ಎಂದು ಕೇಳಿದರೆ ಉತ್ತರ ಹೇಳುವ ಪಂಡಿತರಲ್ಲಿ ಮೂರು ಪಂಗಡ. ಮೊದಲನೆಯವರು ಶಕ್ತಿವಾದಿಗಳು. ದೇಶಗಳಿಗೆ ಹೇಳುವವರು ಕೇಳುವವರು ಯಾರೂ ಇಲ್ಲ, ಆದ್ದರಿಂದ ಪ್ರತಿಯೊಂದು ದೇಶವೂ ಪಕ್ಕದವನಿಗೆ ಹೆದರಿ ದೊಣ್ಣೆ ಹಿಡಿಯುತ್ತದೆ, ಆ ದೊಣ್ಣೆ ಕಂಡು ಪಕ್ಕದವನೂ ಹಿಡಿಯುತ್ತಾನೆ ಎನ್ನುತ್ತಾರೆ. ಎರಡನೆಯವರು ಸಹಕಾರವಾದಿಗಳು. ವ್ಯಾಪಾರವಿದ್ದರೆ, ಕರಾರುಪತ್ರಗಳಿದ್ದರೆ ದೊಣ್ಣೆ ತಾನಾಗಿ ಕೆಳಗಿಳಿಯುತ್ತದೆ ಎನ್ನುವುದು ಅವರ ನಂಬಿಕೆ. ಮೂರನೆಯವರು ರಚನಾವಾದಿಗಳು, ವೈರಿ ಎಂಬವನು ಹುಟ್ಟಿ ಬರುವುದಿಲ್ಲ, ನಾವು ವೈರಿ ಅಂದುಕೊಂಡದ್ದರಿಂದ ಆಗುತ್ತಾನೆ ಎನ್ನುತ್ತಾರೆ. ಈ ಮೂವರೂ ಒಬ್ಬರ ಮೇಲೊಬ್ಬರು ಪುಸ್ತಕ ಬರೆದುಕೊಂಡು ಕಾಲ ಹಾಕಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮೂವರನ್ನೂ ಒಂದೇ ಯಂತ್ರದೊಳಗೆ ತುಂಬಿದ್ದರಿಂದ ಅನಾಹುತವಾಯಿತು.

ಯಂತ್ರದ ಹೆಸರು ತ್ರಿನೇತ್ರ. ಧಾರವಾಡದ ಹೊರವಲಯದಲ್ಲಿ, ಇಪ್ಪತ್ತು ಎಕರೆಯ ಒಂದು ಸಂಶೋಧನಾ ಕೇಂದ್ರದ ಆವರಣದಲ್ಲಿ ಅದು ಕೂತಿತ್ತು. ಜಗತ್ತಿನಲ್ಲಿ ನಡೆದ ಪ್ರತಿ ಘಟನೆಗೂ ಮೈನಸ್ ಹತ್ತರಿಂದ ಪ್ಲಸ್ ಹತ್ತರವರೆಗೆ ಒಂದು ಅಂಕ. ಬಾಂಬು ಹಾಕಿದರೆ ಮೈನಸ್ ಹತ್ತು, ಕೈ ಕುಲುಕಿದರೆ ಪ್ಲಸ್ ಎರಡು. ಆ ಅಂಕಗಳನ್ನು ಮೂರು ಸಿದ್ಧಾಂತಗಳೂ ತಮ್ಮ ತಮ್ಮ ಲೆಕ್ಕದಲ್ಲಿ ಅರೆದು, ಯಾವ ಎರಡು ದೇಶಗಳ ನಡುವೆ ಯುದ್ಧ ಆಗುವ ಸಂಭವ ಎಷ್ಟು ಎಂದು ಮೂರು ಪರದೆಗಳ ಮೇಲೆ ತೋರಿಸುತ್ತಿದ್ದವು. ಅವಕ್ಕೆ ಕಣ್ಣು ಎನ್ನುವುದು ವಾಡಿಕೆ. ಮೂರು ಕಣ್ಣೂ ನೂರಕ್ಕೆ ಎಪ್ಪತ್ತು ದಾಟಿದರೆ, ನಲವತ್ತು ದೇಶಗಳು ಸಹಿ ಹಾಕಿದ ಒಪ್ಪಂದದಂತೆ, ಆ ಗಡಿಯ ಎರಡೂ ಬದಿಗೆ ಮೂವತ್ತು ಕಿಲೋಮೀಟರು ಜಾಗವನ್ನು ಹತ್ತು ದಿನದೊಳಗೆ ಖಾಲಿ ಮಾಡಿಸಬೇಕು. ಅದಕ್ಕೆ ಖಾಲಿಪಟ್ಟಿ ಎಂದು ಹೆಸರು. ಅಲ್ಲಿಯ ಜನರನ್ನು ತಗಡಿನ ಶೆಡ್ಡುಗಳಿಗೆ ಸಾಗಿಸುತ್ತಿದ್ದರು, ಯಾರನ್ನೂ ಮರಳಿ ಕಳಿಸುತ್ತಿರಲಿಲ್ಲ.

ಆರು ವರ್ಷದಲ್ಲಿ ಹನ್ನೊಂದು ಖಾಲಿಪಟ್ಟಿಗಳಾದವು. ಒಂದು ಕಡೆಯೂ ಯುದ್ಧ ಆಗಲಿಲ್ಲ. ನೋಡಿ, ಯಂತ್ರ ತಡೆಯಿತು ಎಂದರು ಪಂಡಿತರು. ಪಟ್ಟಿ ಮಾಡದಿದ್ದರೂ ಯುದ್ಧ ಆಗುತ್ತಿರಲಿಲ್ಲವೇನೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗೆ ನಲವತ್ತು ದೇಶಗಳೂ ಕರು ಕಟ್ಟುವ ಹಗ್ಗ ಹುಡುಕುತ್ತಿದ್ದವು. ಇನ್ನೂ ಅಸಹ್ಯದ ಸಂಗತಿಯೆಂದರೆ, ಜನರನ್ನು ಶೆಡ್ಡಿಗೆ ತುಂಬಿದ್ದಕ್ಕೂ ಒಂದು ಅಂಕವಿತ್ತು. ಪ್ಲಸ್ ಮೂರು. ಎರಡು ಸರ್ಕಾರಗಳ ಸಹಕಾರ ಎಂಬ ತಲೆಬರಹದಡಿ ಅದು ಜಮಾ ಆಗುತ್ತಿತ್ತು.

ಅಂಕ ಹಾಕಲು ಅರವತ್ತು ಜನ ಅಂಕಕಾರರಿದ್ದರು. ಅವರಲ್ಲಿ ಒಬ್ಬಳು ಮಾಳವ್ವ. ಪೂರ್ತಿ ಹೆಸರು ಮಾಳವ್ವ ಹಾಲಪ್ಪ ಕುರಿ. ಹಾವೇರಿ ಕಡೆಯ ಕುರುಬರ ಮನೆತನ, ಕುರಿ ಎನ್ನುವುದು ಅಡ್ಡಹೆಸರು. ಎಂ.ಎ.ಯಲ್ಲಿ ಚಿನ್ನದ ಪದಕ ತಗೊಂಡು ಬಂದವಳನ್ನು ಕೇಂದ್ರದ ಮುಖ್ಯಸ್ಥ ಪ್ರೊಫೆಸರ್ ಸವಣೂರ ಮೊದಲ ದಿನವೇ ‘ಮಾಲಾ’ ಮಾಡಿಬಿಟ್ಟಿದ್ದರು. ಕರೆಯಲು ಸುಲಭವಂತೆ. ಹವಾನಿಯಂತ್ರಿತ ಕೋಣೆಯ ಚಳಿಗೆ ಅವಳೊಮ್ಮೆ ಅಪ್ಪ ನೇಯಿಸಿಕೊಟ್ಟ ಕರಿ ಕಂಬಳಿ ತಂದು ಕುರ್ಚಿಗೆ ಹಾಕಿದಳು. ಪಕ್ಕದ ಮೇಜಿನವನು ಎದ್ದುಹೋಗಿ ಸುವಾಸನೆಯ ಡಬ್ಬಿ ತಂದು ಕಂಬಳಿಯ ಸುತ್ತ ಪುಸ್ಸೆಂದು ಹೊಡೆದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮರುದಿನದಿಂದ ಕಂಬಳಿ ಮನೆಯಲ್ಲಿ ಉಳಿಯಿತು. ತಾನೂ ನಕ್ಕೆನಲ್ಲ ಎಂಬುದು ನೆನಪಾದಾಗಲೆಲ್ಲ ಅವಳಿಗೆ ಈಗಲೂ ಮೈ ಉರಿಯುತ್ತಿತ್ತು.

ಒಂದು ಘಟನೆಗೆ ನಲವತ್ತು ಸೆಕೆಂಡು. ಉಪಗ್ರಹದ ಚಿತ್ರ ಮತ್ತು ಸುದ್ದಿಯ ಅನುವಾದ ಪರದೆಗೆ ಬರುತ್ತದೆ, ಕೆಳಗೆ ಯಂತ್ರ ತಾನೇ ಒಂದು ಅಂಕ ಸೂಚಿಸುತ್ತದೆ. ಒಪ್ಪಿದರೆ ಒಂದು ಗುಂಡಿ ಒತ್ತಿದರೆ ಸಾಕು. ಒಪ್ಪದಿದ್ದರೆ ಕಾರಣ ಬರೆದು ಸಮಿತಿಯ ಮುಂದೆ ನಿಲ್ಲಬೇಕು. ಹಾಗಾಗಿ ಎಲ್ಲರೂ ಒಪ್ಪುತ್ತಿದ್ದರು.

ಆ ಗುರುವಾರ ಅವಳ ಪರದೆಗೆ ಬಂದದ್ದು ಬುಝಾನ ಮತ್ತು ತೆಲ್ಮಾರ ಎಂಬ ಎರಡು ಸಣ್ಣ ದೇಶಗಳ ಸುದ್ದಿ. ಬುಝಾನ ಕಣಿವೆಯ ಒಕ್ಕಲು ನಾಡು, ತೆಲ್ಮಾರ ಬೆಟ್ಟದ ಕುರಿಗಾರರ ನಾಡು. ‘ತೆಲ್ಮಾರದ ನೂರ ನಲವತ್ತು ಜನ, ಕೈಯಲ್ಲಿ ಕೋಲು, ಹನ್ನೊಂದು ಸಾವಿರ ಕುರಿಗಳೊಂದಿಗೆ ಗಡಿ ದಾಟಿ, ಬುಝಾನದ ಓಲಿಂ ಗ್ರಾಮದ ಹೊಲಗಳನ್ನು ಮೂರು ರಾತ್ರಿ ಆಕ್ರಮಿಸಿದ್ದಾರೆ. ಹೊಲಗಳಲ್ಲಿ ಬೆಳೆ ಇಲ್ಲ. ಗ್ರಾಮಸ್ಥರು ಭಯದಿಂದ ವಿರೋಧ ತೋರಿಲ್ಲ.’ ಕೆಳಗೆ ಯಂತ್ರದ ಸೂಚನೆ: ಪರನೆಲದಲ್ಲಿ ಶಸ್ತ್ರಸಹಿತ ಗುಂಪಿನ ತಂಗುವಿಕೆ, ಮೈನಸ್ ಎಂಟು.

ಓದುತ್ತಿದ್ದಂತೆ ಮಾಳವ್ವನ ಮೂಗಿಗೆ ಕುರಿ ಹಿಕ್ಕಿಯ ವಾಸನೆ ಬಂತು. ಬೆಳೆ ಕೊಯ್ದ ಹೊಲ, ಕೋಲು ಹಿಡಿದವರು, ಮೂರು ರಾತ್ರಿ. ಅವಳು ಹುಟ್ಟಿದ್ದೇ ಅಂಥ ಒಂದು ಹೊಲದಲ್ಲಿ. ಬಿತ್ತನೆಗೆ ಮೊದಲು ಗೊಬ್ಬರಕ್ಕಾಗಿ ಒಕ್ಕಲಿಗರು ತಮ್ಮ ಹೊಲದಲ್ಲಿ ಕುರಿ ಹಿಂಡು ಕೂಡಿಸಿಕೊಳ್ಳುತ್ತಾರೆ. ರಾತ್ರಿಯೆಲ್ಲ ಕೂತ ಕುರಿಗಳ ಹಿಕ್ಕಿ, ಉಚ್ಚೆ ಮಣ್ಣಿಗಿಳಿಯುತ್ತದೆ. ಬದಲಿಗೆ ಕುರಿಗಾರರಿಗೆ ಜೋಳ ಸಿಗುತ್ತದೆ. ಇದನ್ನು ಬರೆಯಬೇಕೆಂದು ಅವಳ ಬೆರಳು ಕೀಲಿಮಣೆಗೆ ಹೋಯಿತು. ಸಮಿತಿಯ ಮುಂದೆ ನಿಂತು ‘ಹಿಕ್ಕಿ’ ಎನ್ನಬೇಕಲ್ಲ ಎಂದು ನೆನಪಾಯಿತು. ಕುರಿ ಎಂಬ ಅಡ್ಡಹೆಸರಿನವಳು, ಕುರಿಯ ಬಗ್ಗೆ. ಸುವಾಸನೆಯ ಡಬ್ಬಿ ಪಕ್ಕದ ಮೇಜಿನ ಮೇಲೆ ಇನ್ನೂ ಇತ್ತು. ಮೂವತ್ತೆಂಟನೆಯ ಸೆಕೆಂಡಿಗೆ ಅವಳು ಒಪ್ಪಿಗೆಯ ಗುಂಡಿ ಒತ್ತಿದಳು.

ರವಿವಾರ ಅವಳು ನವಲೂರಿನ ಕಡೆಗೆ ಹೋದಳು. ಅವಳ ಅಪ್ಪ ಹಾಲಪ್ಪ ವರ್ಷಕ್ಕೊಮ್ಮೆ ಆ ದಾರಿಯಲ್ಲಿ ಹಿಂಡು ಹೊಡೆದುಕೊಂಡು ಬರುವವ, ಆಗ ಯಾರದೋ ಕಡಲೆ ಕಿತ್ತ ಹೊಲದಲ್ಲಿ ಬೀಡು ಬಿಟ್ಟಿದ್ದ. ಬಲೆಯ ಬೇಲಿಯೊಳಗೆ ಮರಿಗಳು ಒದರುತ್ತಿದ್ದವು. ಅಪ್ಪ ಮೂರು ಕಲ್ಲಿನ ಒಲೆಯ ಮೇಲೆ ಹಾಲು ಕಾಸಿ ಕೊಟ್ಟ. ರೊಟ್ಟಿ ಮುರಿಯುತ್ತಾ ಅವಳು ಓಲಿಂನ ಸಂಗತಿ ಹೇಳಿದಳು, ಮೈನಸ್ ಎಂಟನ್ನೂ ಹೇಳಿದಳು. ಅಪ್ಪ ಬಿದ್ದು ಬಿದ್ದು ನಕ್ಕ. ಕುರಿ ಕೂತದ್ದು ದಂಡು ಬಂದಂತಾಯಿತೇನು ಎಂದು ಬೇಲಿಯಾಚೆಯ ಟಗರಿಗೆ ಸಲಾಮು ಹೊಡೆದ. ಮಗಳು ನಗದೇ ಇದ್ದದ್ದು ಕಂಡು ನಿಲ್ಲಿಸಿದ.

“ಅವರನ್ನ ಕರದಾವ್ರು ಯಾರಂತ?” ಎಂದು ಕೇಳಿದ.

“ಅದನ್ನ ಕೇಳಂಗಿಲ್ಲಪ್ಪಾ ಅಲ್ಲೆ. ಅದಕೊಂದು ಕಾಲಂ ಇಲ್ಲ.”

“ಕರೀಲಾರದ ಹೊಲದಾಗ ಯಾವ ಕುರುಬನೂ ಕುರಿ ಕುಂದರಸಂಗಿಲ್ಲ ಮಾಳವ್ವಾ. ಹೊಲದಾವ ತಾನ ನಡಕೊಂತ ಬಂದು, ಈ ಸಲ ನಮ್ಮಲ್ಲೆ ಬರ್ರಿ ಅನ್ನಬೇಕು. ಅದನ್ನ ಕೇಳಲಾರದ ಮತ್ತೇನ ಕೇಳ್ತೀರಿ ನೀವು?”

ನಿನಗ ಗೊತ್ತಿತ್ತಲ್ಲ ಎಂದು ಅಪ್ಪ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಸೋಮವಾರ ಎಲ್ಲರಿಗಿಂತ ಮೊದಲೇ ಹೋಗಿ ಅವಳು ಯಂತ್ರ ಜರಡಿ ಹಿಡಿದು ಚೆಲ್ಲಿದ ಸುದ್ದಿಗಳ ರಾಶಿಯನ್ನು ಕೆದಕಿದಳು. ‘ಅಪ್ರಸ್ತುತ’ ಎಂಬ ಗುರುತಿನಡಿ ಸಿಕ್ಕಿತು, ಬುಝಾನದ ಒಂದು ಹಳ್ಳಿ ರೇಡಿಯೋದ ಸುದ್ದಿ. ಓಲಿಂನ ಸೋರಿನಾ ಎಂಬ ಒಕ್ಕಲಗಿತ್ತಿ ಊರಿನ ಪರವಾಗಿ ಬೆಟ್ಟಕ್ಕೆ ಹೋಗಿ ಈ ವರ್ಷದ ಕುರಿಗಳನ್ನು ಕರೆದು ಬಂದಿದ್ದಾಳೆ, ಕುರಿಗಾರರಿಗೆ ಯಾರ ಮನೆಯಲ್ಲಿ ಯಾವ ದಿನ ಊಟ ಎಂಬ ವಿವರ ಇಂತಿದೆ ಎಂದು ಇತ್ತು. ಊಟಕ್ಕೆ ಕರೆದು ತಂದ ಅತಿಥಿಗಳನ್ನು ಯಂತ್ರ ದಾಳಿಕೋರರು ಎಂದು ಬರೆದುಕೊಂಡಿತ್ತು.

ಅವಳು ಅದನ್ನು ಹಿಡಿದು ನಿಯಂತ್ರಣ ಕೋಣೆಗೆ ಹೋಗುವಷ್ಟರಲ್ಲಿ ಮೂರು ಕಣ್ಣೂ ಕೆಂಪಾಗಿದ್ದವು. ಎಂಬತ್ತೊಂದು, ಎಪ್ಪತ್ತೆರಡು, ಎಪ್ಪತ್ತೇಳು. ಕಣ್ಣಿಗೊಬ್ಬರಂತೆ ಮೂವರು ಪಂಡಿತರೂ ಅಲ್ಲಿದ್ದರು, ಮೂವರ ಮುಖದಲ್ಲೂ ಮದುವೆ ಮನೆಯ ಕಳೆ. ಶಕ್ತಿವಾದದ ಸವಣೂರ ತಮ್ಮ ಕಣ್ಣೇ ಮೊದಲು ಎಂಬತ್ತು ದಾಟಿತು ಎಂದು ಎಲ್ಲರಿಗೂ ತೋರಿಸುತ್ತಿದ್ದರು. ಸಹಕಾರವಾದದ ಪಿಂಟೋ ಸಾಹೇಬರಿಗೆ ತಮ್ಮದು ಎಪ್ಪತ್ತೆರಡಕ್ಕೇ ನಿಂತಿತಲ್ಲ ಎಂಬ ಕೊರಗು. ರಚನಾವಾದದ ಡಾಕ್ಟರ್ ವಸುಂಧರಾ ದೇಸಾಯಿ ಆಗಲೇ ಪ್ರಬಂಧಕ್ಕೆ ಶೀರ್ಷಿಕೆ ಯೋಚಿಸುತ್ತಿದ್ದರು. ಅರವತ್ತು ಸಾವಿರ ಜನ ಮನೆ ಬಿಡಬೇಕು ಎಂಬುದು ಆ ಕೋಣೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಮಾಳವ್ವ ಹೇಳಿದಳು. ಹಿಕ್ಕಿ ಎಂಬ ಪದವನ್ನೂ ಬಳಸಿದಳು. ಯಾರೋ ಕೆಮ್ಮಿದರು.

ಸವಣೂರರಿಗೆ ಅದರಲ್ಲಿ ಇನ್ನೂ ದೊಡ್ಡ ಸಂಚು ಕಂಡಿತು. ಕುರಿಗಾರರನ್ನು ಮುಂದೆ ಬಿಟ್ಟು ನೆಲ ಅಳೆಯುವುದು ಹಳೆಯ ತಂತ್ರ ಎಂದರು. ಎರಡು ದೇಶಗಳ ನಡುವೆ ಗೊಬ್ಬರದ ಕರಾರುಪತ್ರ ಇದೆಯೇ ಎಂದು ಕೇಳಿದರು ಪಿಂಟೋ. ಇಲ್ಲ ಎಂದಾಗ, ಬರೆಯದ ಸಹಕಾರವನ್ನು ತಮ್ಮ ಕಣ್ಣು ಕಾಣುವುದಿಲ್ಲವೆಂದು ಕೈ ಚೆಲ್ಲಿದರು. ದೇಸಾಯಿ ಮಾತ್ರ ಅವಳ ಭುಜದ ಮೇಲೆ ಕೈಯಿಟ್ಟು ತುಂಬ ಪ್ರೀತಿಯಿಂದ ಮಾತಾಡಿದರು.

“ನೀವು ಹೇಳೋದು ಖರೇನ ಇರಬಹುದು ಮಾಲಾ. ಆದ್ರ ಅದು ಮೊನ್ನಿತನಕ ಖರೆ. ಈಗ ಬುಝಾನ ಸರ್ಕಾರ ಇದನ್ನ ದಾಳಿ ಅಂತ ನಂಬೇದ. ನಂಬಿದ ಮ್ಯಾಲೆ ಅದು ದಾಳೀನ. ನಿಮ್ಮ ಕುರಿ ಈಗ ಬರೇ ಕುರಿ ಅಲ್ಲ.”

ಅವರು ನಂಬಿದ್ದು ತ್ರಿನೇತ್ರ ಹೇಳಿದ್ದರಿಂದ, ತ್ರಿನೇತ್ರ ಹೇಳಿದ್ದು ತಾನು ಗುಂಡಿ ಒತ್ತಿದ್ದರಿಂದ ಎಂದು ಹೇಳಹೋದರೆ ದೇಸಾಯಿಯವರ ಕಣ್ಣು ಇನ್ನೂ ಹೊಳೆಯಿತು. ಅದೂ ಪ್ರಬಂಧಕ್ಕೆ ಬೇಕಿತ್ತು. ಹುಳ ಬಿದ್ದ ಗಾಯವನ್ನು ಕುರುಬರೂ ಕೆದಕಿ ನೋಡುತ್ತಾರೆ, ಆದರೆ ಔಷಧ ಹಚ್ಚುವುದಕ್ಕೆ ನೋಡುತ್ತಾರೆ.

‘ಕರೆದವರು ಯಾರು’ ಎಂಬ ಒಂದು ಕಾಲಂ ಸೇರಿಸಿ ಎಂದು ಅವಳು ಕೇಳಿಕೊಂಡಳು. ನಿಯಮ ಬದಲಿಸುವ ಅಧಿಕಾರ ಸವಣೂರರೊಬ್ಬರದೇ. ಅವರು ಒಪ್ಪಲಿಲ್ಲ. ಹಾಗೆ ಸೇರಿಸಿದರೆ ಆರು ವರ್ಷದಲ್ಲಿ ಅಂಕ ಹಾಕಿದ ಇಂಥ ಎಲ್ಲವನ್ನೂ ಮತ್ತೆ ನೋಡಬೇಕಾಗುತ್ತದೆ ಎಂಬ ಮಾತು ಅವರ ಬಾಯಿಂದಲೇ ಜಾರಿತು. ಓಲಿಂ ಒಂದಕ್ಕಾದರೂ ವಿನಾಯಿತಿ ಕೊಡಿ ಎಂದರೆ ಅದಕ್ಕಂತೂ ಸಾಧ್ಯವೇ ಇಲ್ಲ ಎಂದರು. ತ್ರಿನೇತ್ರದ ನಿಯಮದಲ್ಲಿ ಯಾವ ದೇಶದ ಹೆಸರೂ ಬರಕೂಡದು, ಎಲ್ಲರಿಗೂ ಒಂದೇ ನಿಯಮ. ಅದು ಅವರೇ ಬರೆದ ಮೊದಲ ವಾಕ್ಯ. ಬಾಗಿಲ ಮೇಲೆ ಹಿತ್ತಾಳೆಯಲ್ಲಿ ಕೆತ್ತಿಸಿದ್ದರು.

ಅದರ ಕೆಳಗೆ ಇನ್ನೊಂದು ಹಿತ್ತಾಳೆಯ ಫಲಕವಿತ್ತು. ಈ ಇಪ್ಪತ್ತು ಎಕರೆ ಯಾವ ದೇಶಕ್ಕೂ ಸೇರದ ನೆಲ ಎಂದು ಅದರಲ್ಲಿ ಬರೆದಿತ್ತು. ಒಪ್ಪಂದದ ಪ್ರಕಾರ ಕೇಂದ್ರವೇ ಒಂದು ದೇಶವಿದ್ದಂತೆ. ಯಂತ್ರದ ಕೋಷ್ಟಕದಲ್ಲಿ ಅದರ ಸಂಖ್ಯೆ ನಲವತ್ತೊಂದು. ಊರಿನ ಪೊಲೀಸರು ಒಳಗೆ ಬರಲು ಚೀಟಿ ಬೇಕು ಎಂದು ಸವಣೂರ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ಮಾಳವ್ವ ಆರು ವರ್ಷದಿಂದ ದಿನಾ ನೋಡುತ್ತಿದ್ದ ಫಲಕವನ್ನು ಆ ದಿನ ಮೊದಲ ಸಲ ನಿಂತು ಓದಿದಳು.

ಕೇಂದ್ರದ ತೋಟದ ಉಸ್ತುವಾರಿ ಫಕ್ಕೀರಪ್ಪನದು. ಹಿಂಬದಿಯ ಐದೆಕರೆಯಲ್ಲಿ ನಲವತ್ತು ದೇಶಗಳ ಹೆಸರಿನಲ್ಲಿ ನೆಟ್ಟ ಸಸಿಗಳು ವರ್ಷ ವರ್ಷವೂ ಒಣಗಿಹೋಗಿ ಅವನು ಮೂರು ವರ್ಷದಿಂದ ಬೈಸಿಕೊಳ್ಳುತ್ತಿದ್ದ. ಮಾಳವ್ವ ಅವನಿಗೆ ಹೆಚ್ಚೇನೂ ಹೇಳಲಿಲ್ಲ. ತನ್ನಪ್ಪನ ಹಿಂಡು ನವಲೂರಿನಲ್ಲಿದೆ ಎಂದಳು, ಈ ತೋಟ ಕೋಷ್ಟಕದಲ್ಲಿ ಬೇರೆಯೇ ದೇಶವಾಗಿದೆ ಎಂಬುದನ್ನೂ ಮುಚ್ಚಿಡದೆ ಹೇಳಿದಳು. ಫಕ್ಕೀರಪ್ಪ, ದೇಶದ ವಿಷಯ ತನಗೆ ತಿಳಿಯದು, ಗೊಬ್ಬರವಂತೂ ಬೇಕು ಎಂದ. ಮರುದಿನ ತಾನೇ ನವಲೂರಿಗೆ ನಡೆದುಹೋಗಿ, ಹಾಲಪ್ಪನ ಬೀಡಿನಲ್ಲಿ ಹಾಲು ಕುಡಿದು, ಮೂರು ದಿನ ನಮ್ಮಲ್ಲಿಗೆ ಬರ್ರಿ ಎಂದು ಕರೆದ.

ಓಲಿಂಗೆ ಜನರನ್ನು ಸಾಗಿಸುವ ಲಾರಿಗಳು ಬರುವುದಕ್ಕೆ ಎರಡು ದಿನ ಉಳಿದಿತ್ತು. ಶುಕ್ರವಾರ ಬೆಳಿಗ್ಗೆ ಸವಣೂರ ಕಾರಿನಿಂದ ಇಳಿದಾಗ ಹಿಂಬದಿಯ ತೋಟದಲ್ಲಿ ಆರುನೂರು ಕುರಿಗಳು ಮೆಲುಕು ಹಾಕುತ್ತಿದ್ದವು. ಆವರಣದ ಗಾಳಿ ಪೂರ್ತಿ ಬದಲಾಗಿತ್ತು. ಮೂಗಿಗೆ ಕರವಸ್ತ್ರ ಹಿಡಿದು ಅವರು ನಿಯಂತ್ರಣ ಕೋಣೆಗೆ ಓಡಿಬಂದರು. ಉಪಗ್ರಹ ತನ್ನ ಕೆಲಸ ಆಗಲೇ ಮುಗಿಸಿತ್ತು, ಯಾರೋ ಅಂಕಕಾರರು ಎಂದಿನಂತೆ ಒಪ್ಪಿಗೆಯ ಗುಂಡಿಯನ್ನೂ ಒತ್ತಿದ್ದರು. ನಲವತ್ತೊಂದನೆಯ ದೇಶದ ನೆಲದಲ್ಲಿ ಕೋಲು ಹಿಡಿದ ಪರದೇಶದವರ ತಂಗುವಿಕೆ, ಮೈನಸ್ ಎಂಟು. ಸುತ್ತಲಿನ ದೇಶಕ್ಕೂ ಕೇಂದ್ರಕ್ಕೂ ಬಲದಲ್ಲಿ ಅಜಗಜಾಂತರ, ಆದ್ದರಿಂದ ಸವಣೂರರ ಕಣ್ಣಿನಲ್ಲಿ ತೊಂಬತ್ತು. ಊರಿನೊಂದಿಗೆ ಕೇಂದ್ರಕ್ಕೆ ವ್ಯಾಪಾರವಿಲ್ಲ, ಕರಾರಿಲ್ಲ, ಪಿಂಟೋರ ಕಣ್ಣಿನಲ್ಲಿ ಎಂಬತ್ತೈದು. ಊರವರು ಕೇಂದ್ರವನ್ನು ಆಡಿಕೊಂಡ ಮಾತುಗಳನ್ನೆಲ್ಲ ನುಂಗಿದ ದೇಸಾಯಿಯವರ ಕಣ್ಣಿನಲ್ಲಿ ತೊಂಬತ್ಮೂರು. ಖಾಲಿಪಟ್ಟಿಯ ನಕ್ಷೆ ಗೋಡೆಯ ಮೇಲೆ ಮೂಡಿತ್ತು. ಮೂವತ್ತು ಕಿಲೋಮೀಟರಿನೊಳಗೆ ಧಾರವಾಡ, ಹುಬ್ಬಳ್ಳಿ ಎರಡೂ ಬಂದಿದ್ದವು. ಸವಣೂರರು ಹೋದ ತಿಂಗಳು ಗೃಹಪ್ರವೇಶ ಮಾಡಿದ ಮನೆಯೂ ಕೆಂಪು ಬಣ್ಣದೊಳಗಿತ್ತು. ಸಂಜೆ ಐದಕ್ಕೆ ಆದೇಶ ತಾನಾಗಿ ಹೊರಡುತ್ತಿತ್ತು.

“ಇದು ದಾಳಿ ಅಲ್ಲ,” ಎಂದರು ಸವಣೂರ. ಮುಖ ಬೆವರಿತ್ತು. “ಅವರನ್ನ ನಮ್ಮ ಫಕ್ಕೀರಪ್ಪನ ಕರದಾನ್ರೀ!”

“ಅದನ್ನ ಬರಿಯಾಕ ಕಾಲಂ ಇಲ್ರೀ ಸರ್,” ಎಂದಳು ಮಾಳವ್ವ.

ಹಳೆಯ ತಂತ್ರದ ಮಾತು ಯಾರೂ ಎತ್ತಲಿಲ್ಲ. ಪಿಂಟೋ ಕರಾರುಪತ್ರ ಕೇಳಲಿಲ್ಲ. ನಂಬಿದ ಮೇಲೆ ಅದು ದಾಳಿಯೇ ಎಂದಿದ್ದ ದೇಸಾಯಿ, ತಮ್ಮ ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ಶೆಡ್ಡಿನಲ್ಲಿ ಹೇಗಿರುತ್ತಾರೆ ಎಂದು ಗಾಬರಿಯಾಗಿ ಕೇಳುತ್ತಿದ್ದರು. ಆರು ವರ್ಷದಲ್ಲಿ ಆ ಕೋಣೆಯಲ್ಲಿ ಶೆಡ್ಡು ಹೇಗಿರುತ್ತದೆ ಎಂದು ಒಬ್ಬರು ಕೇಳಿದ್ದು ಅದೇ ಮೊದಲು.

ಕೇಂದ್ರಕ್ಕೆ ಮಾತ್ರ ವಿನಾಯಿತಿ ಎಂದು ಸವಣೂರ ಬರೆದು ನೋಡಿದರು. ಯಂತ್ರ ತಗೊಳ್ಳಲಿಲ್ಲ, ನಿಯಮದಲ್ಲಿ ದೇಶದ ಹೆಸರು ಬರಕೂಡದು. ಕೊನೆಗೆ ಹೆಸರಿಲ್ಲದ ನಿಯಮವೇ ಬರೆಯಬೇಕಾಯಿತು. ಹೊಲದವರು ಕರೆದದ್ದರಿಂದ ಬಂದು ಕೂತ ಕುರಿ ಹಿಂಡು ದಾಳಿಯಲ್ಲ. ಕರೆದವರ ಹೆಸರನ್ನು ಹೊಸ ಕಾಲಂನಲ್ಲಿ ತುಂಬತಕ್ಕದ್ದು. ಅಂಕ ಪ್ಲಸ್ ನಾಲ್ಕು. ಸಹಿ ಬಿದ್ದಾಗ ಅವರು ಕೋಣೆಗೆ ಓಡಿಬಂದು ಹನ್ನೊಂದು ನಿಮಿಷವೂ ಆಗಿರಲಿಲ್ಲ. ಸಹಿಯ ಮೇಲೆ, ತಮ್ಮ ಹೆಸರು ಉಳಿಯಲೆಂದೋ ಏನೋ, ಒಂದು ಸಾಲು ಸೇರಿಸಿದ್ದರು: ಈಗಾಗಲೇ ಖಾಲಿ ಮಾಡಿಸಿ ಮುಗಿದ ಪಟ್ಟಿಗಳಿಗೆ ಇದು ಅನ್ವಯಿಸುವುದಿಲ್ಲ.

ಮಾಳವ್ವ ತನ್ನ ಮೇಜಿಗೆ ಹೋಗಿ ಮೊದಲು ಫಕ್ಕೀರಪ್ಪನ ಹೆಸರು ತುಂಬಿದಳು. ಗೋಡೆಯ ಕೆಂಪು ಆರಿತು, ಹಿಂದಿನಿಂದ ದೊಡ್ಡ ಉಸಿರುಗಳು ಕೇಳಿದವು. ಆಮೇಲೆ ಓಲಿಂನ ಘಟನೆ ತೆರೆದು, ರೇಡಿಯೋ ಸುದ್ದಿಯನ್ನು ಜೋಡಿಸಿ, ಹೊಸ ಕಾಲಂನಲ್ಲಿ ‘ಸೋರಿನಾ, ಊರಿನ ಪರವಾಗಿ’ ಎಂದು ಬರೆದಳು. ಎಂಬತ್ತೊಂದಿದ್ದದ್ದು ಮೂವತ್ತನಾಲ್ಕಕ್ಕೆ ಇಳಿಯಿತು. ಲಾರಿಗಳಿಗೆ ರದ್ದತಿಯ ಆದೇಶ ಹೋಯಿತು. ಸವಣೂರ ಅದನ್ನು ನೋಡಿದರು, ಬಾಯಿ ತೆರೆದರು, ತಾವೇ ಹಾಕಿದ ಸಹಿಯನ್ನು ನೆನೆದು ಮುಚ್ಚಿದರು.

ಮಾಳವ್ವ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಹನ್ನೊಂದು ಹಳೆಯ ಪಟ್ಟಿಗಳ ಕಡತ ತೆರೆದು ಒಂದೊಂದೇ ಘಟನೆ ಓದುತ್ತ ಹೋದಳು. ಕುರಿಯಷ್ಟೇ ಅಲ್ಲ, ಒಂದು ಕಡೆ ಕೊಯ್ಲಿಗೆಂದು ಬಂದ ಆಳುಗಳು, ಇನ್ನೊಂದು ಕಡೆ ಹೆಣ್ಣು ನೋಡಲು ಗಾಡಿ ಕಟ್ಟಿಕೊಂಡು ಬಂದ ಬೀಗರು. ಎಲ್ಲಕ್ಕೂ ಮೈನಸ್. ನಾಲ್ಕು ಪಟ್ಟಿಗಳಲ್ಲಿ ಅಂಕಕಾರರ ಸಹಿಯ ಜಾಗದಲ್ಲಿ ‘ಮಾಲಾ’ ಎಂದಿತ್ತು. ಅವುಗಳ ಹೊಸ ಕಾಲಂನಲ್ಲಿ ಬೆರಳಿಟ್ಟಳು, ಕಾಲಂ ತೆರೆಯಲಿಲ್ಲ. ಪಕ್ಕದ ಮೇಜಿನವನು ಕಿಟಕಿ ಮುಚ್ಚಿ ಸುವಾಸನೆಯ ಡಬ್ಬಿ ಹೊಡೆಯತೊಡಗಿದ. ಅವಳು ಡಬ್ಬಿ ಕಿತ್ತುಕೊಂಡು ಕಸದ ಬುಟ್ಟಿಗೆ ಹಾಕಿ, ಕಿಟಕಿ ತೆರೆದು, ಕೆಳಗಿಳಿದು ಹೋದಳು.

ಅಪ್ಪ ಹುಟ್ಟಿ ಎರಡು ದಿನದ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಹಾಲು ಕುಡಿಸುತ್ತಿದ್ದ. ಫಕ್ಕೀರಪ್ಪ ಪಕ್ಕದಲ್ಲಿ ಕೂತು ಮಣ್ಣು ಮುಟ್ಟಿ ನೋಡುತ್ತಿದ್ದ. ಓಲಿಂ ಉಳಿಯಿತು ಎಂದು ಅವಳು ಹೇಳಿದಳು. ಅಪ್ಪ ತಲೆಯಾಡಿಸಿದ, ಅಲ್ಲಿಯವರಿಗೂ ಒಳ್ಳೆಯ ಬೆಳೆ ಬರಲಿ ಎಂದ.

“ಮತ್ತ ಹಿಂದ ಖಾಲಿ ಮಾಡ್ಸಿದ್ರಲ್ಲ ಊರು, ಅಲ್ಲೆ?” ಎಂದು ಕೇಳಿದ. “ಅಲ್ಲೂ ಇನ್ನ ಮ್ಯಾಲೆ ಕುರಿ ಕುಂದರತಾವಲ್ಲ?”

ಮಾಳವ್ವ ಅವನ ಪಕ್ಕ ಹಿಕ್ಕಿಯ ಮೇಲೆಯೇ ಕೂತಳು. ಮರಿಯ ಬೆನ್ನು ಸವರಿದಳು.

“ಹೊಲ ಅದಾವಪ್ಪಾ,” ಎಂದಳು. “ಕರಿಯಾವ್ರಿಲ್ಲ.”